ಪಾರ್ಸೆಲ್ ಫೋನಿಗೆ ಬಂದ ಮೋನಪ್ಪನ ರಿಪೋರ್ಟ್

ಘಾಟ್ಕೋಪರ್ ಸ್ಟೇಷನ್ನಿಂದ ಪೂರ್ವಕ್ಕೆ ಏಳೆಂಟು ನಿಮಿಷ ನಡೆದರೆ ಒಂದು ಉಡುಪಿ ಹೋಟೆಲು ಸಿಗುತ್ತದೆ. ಅದರ ಹೆಸರು ನಿಮಗೆ ಬೇಡ. ಹೇಳಿದರೆ ನೀವು ಅಲ್ಲಿಗೆ ಹೋಗಿ, ಇಡ್ಲಿ ಮುರಿಯುತ್ತ, ಗಲ್ಲಾದಲ್ಲಿ ಕೂತ ತಿಲಕನ ಮುಖವನ್ನೇ ನೋಡುತ್ತೀರಿ. ಅವನು ಈಗಾಗಲೇ ಪಟ್ಟ ನಾಚಿಕೆ ಸಾಕು.

ಅದು ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲ್ ತಿಂಗಳು. ಕೊರೊನಾದ ಎರಡನೇ ಅಲೆ. ಹೋಟೆಲಿನೊಳಗೆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿ ಹಾಕಿದ್ದರು. ಪಾರ್ಸೆಲ್ ಮಾತ್ರ. ಧಣಿಗಳು ಊರಿನಲ್ಲಿ ಉಳಿದುಬಿಟ್ಟಿದ್ದರಿಂದ ಮ್ಯಾನೇಜರ್ ತಿಲಕನೇ ಎಲ್ಲ. ಅವನಿಗೆ ಮೂವತ್ತನಾಲ್ಕು ವಯಸ್ಸು. ಕೆಲಸದಲ್ಲಿ ಚುರುಕು, ಬಾಯಿಗೆ ಮಾತ್ರ ಬೀಗವಿಲ್ಲ.

ಅಲ್ಲಿ ದೋಸೆ ಹೊಯ್ಯುವವನು ಮೋನಪ್ಪ. ತಿಲಕನ ಅಕ್ಕ ಮೋಹಿನಿಯ ಗಂಡ. ಹದಿನೇಳು ವರ್ಷದ ತಿಲಕನನ್ನು ಊರಿಂದ ಕರೆತಂದು, ಮೊದಲು ಲೋಟ ತೊಳೆಯಲು ಹಚ್ಚಿ, ಆಮೇಲೆ ಧಣಿಗಳ ಕೈಕಾಲು ಹಿಡಿದು ಗಲ್ಲಾದಲ್ಲಿ ಕೂರಿಸಿದವನು ಇದೇ ಮೋನಪ್ಪ. ನಮ್ಮ ಕಡೆ ಭಾವ-ಮೈದುನರ ನಡುವೆ ತಮಾಷೆಗೆ ಲೈಸೆನ್ಸು ಬೇಡ. ತಿಲಕ ದಿನಕ್ಕೆ ಹತ್ತು ಸಲ ಭಾವನ ಕಾಲೆಳೆಯುತ್ತಿದ್ದ. ಮೋನಪ್ಪ ಸಟ್ಟುಗ ಎತ್ತಿ ತೋರಿಸಿ ನಗುತ್ತಿದ್ದ. ಇಬ್ಬರಿಗೂ ಅದು ರೂಢಿಯಾಗಿತ್ತು.

ಮೋನಪ್ಪನಿಗೆ ಜ್ವರ ಬಂತು, ಐದನೇ ದಿನ ಉಸಿರು ಸಾಲದೆ ಹೋಯಿತು. ತಿಲಕನೇ ರಿಕ್ಷಾದಲ್ಲಿ ಕೂರಿಸಿ ಮುನಿಸಿಪಾಲಿಟಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದ. ಫಾರ್ಮು ತುಂಬಿದವನೂ ಅವನೇ. ಮೊಬೈಲ್ ನಂಬರು ಎಂದಲ್ಲಿ ಹೋಟೆಲಿನ ಪಾರ್ಸೆಲ್ ಫೋನಿನ, ಅಂದರೆ ಆರ್ಡರು ಬರುವ ಗಲ್ಲಾದ ಫೋನಿನ, ನಂಬರು ಬರೆದ.

ಹೋಟೆಲಿನವರನ್ನು ಕೇಳಿ ನೋಡಿ, ಎಲ್ಲರೂ ಹೀಗೇ ಮಾಡುತ್ತಾರೆ. ಗ್ಯಾಸ್ ಬುಕ್ಕಿಗೂ ಹೋಟೆಲಿನ ನಂಬರು, ಬ್ಯಾಂಕಿಗೂ ಹೋಟೆಲಿನ ನಂಬರು, ಮಕ್ಕಳ ಶಾಲೆಗೂ ಅದೇ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಒಲೆಯ ಮುಂದೆ ನಿಲ್ಲುವವನಿಗೆ ಸ್ವಂತ ಫೋನು ಎತ್ತಲು ಪುರುಸೊತ್ತೆಲ್ಲಿ? ಗಲ್ಲಾದ ಫೋನಾದರೆ ಯಾರಾದರೂ ಎತ್ತುತ್ತಾರೆ. ಆ ಫೋನಿಗೆ ಬಂದದ್ದನ್ನು ಎಲ್ಲರೂ ಓದುತ್ತಾರೆ ಎಂಬುದು ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ.

ಜ್ವರ ಬಂದ ಎಂಟನೇ ದಿನ ಬೆಳಿಗ್ಗೆ ಒಂಬತ್ತಕ್ಕೆ, ಎರಡು ಆರ್ಡರುಗಳ ನಡುವೆ, ಆ ಫೋನಿಗೆ ಒಂದು ಲ್ಯಾಬಿನಿಂದ ರಿಪೋರ್ಟು ಬಂತು. ಮೇಲೆ ಮೋನಪ್ಪನ ಹೆಸರು. ಕೆಳಗೆ ಏನೇನೋ ಅಂಕಿಗಳು: ಥೈರಾಯ್ಡ್, ಕಾರ್ಟಿಸಾಲ್, ಟೆಸ್ಟೊಸ್ಟಿರೋನ್. ಕೊನೆಯದರ ಎದುರಿಗೆ ಕೆಂಪಕ್ಷರದಲ್ಲಿ ‘ಬಹಳ ಕಡಿಮೆ’ ಎಂದು ಇಂಗ್ಲಿಷಿನಲ್ಲಿತ್ತು.

ಮೊದಲಿನವು ತಿಲಕನಿಗೆ ತಿಳಿಯಲಿಲ್ಲ. ಕೊನೆಯ ಶಬ್ದ ಮಾತ್ರ ಗೊತ್ತು. ಲೋಕಲ್ ಗಾಡಿಯ ಡಬ್ಬಿಯಲ್ಲಿ ಗುಪ್ತರೋಗದ ವೈದ್ಯರು ಅಂಟಿಸುವ ಚೀಟಿಗಳನ್ನು ಹದಿನೇಳು ವರ್ಷ ಓದಿ ಓದಿ ಸಂಪಾದಿಸಿದ ಜ್ಞಾನ ಅದು. ಪುರುಷ ಹಾರ್ಮೋನು ಕಡಿಮೆ ಎಂದರೆ ಏನೆಂದು ಆ ಚೀಟಿಗಳು ಅವನಿಗೆ ಕಲಿಸಿದ್ದವು. ಬೇರೆ ಯಾರೂ ಕಲಿಸಿರಲಿಲ್ಲ.

ಅವನಿಗೆ ನಗು ಬಂತು. ಹೌದು, ಭಾವ ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲಿದ್ದಾಗ ಅವನಿಗೆ ನಗು ಬಂತು. ಹೋಟೆಲಿನ ವಾಟ್ಸಾಪ್ ಗ್ರೂಪಿನಲ್ಲಿ ಇಪ್ಪತ್ತೆರಡು ಜನ. ಅರ್ಧ ಜನ ಇಲ್ಲಿ, ಅರ್ಧ ಜನ ಊರಲ್ಲಿ. ರಿಪೋರ್ಟನ್ನು ಅದಕ್ಕೆ ಹಾಕಿ, ಕೆಳಗೆ ಬರೆದ: “ಭಾವನ ಗ್ಯಾಸ್ ಖಾಲಿ. ಬೇಗ ಸಿಲಿಂಡರ್ ಬುಕ್ ಮಾಡಿ.” ಜೊತೆಗೆ ಹಲ್ಲು ಕಿರಿಯುವ ಮೂರು ಮುಖಗಳು. ನಿಮಿಷದೊಳಗೆ ಹದಿನಾಲ್ಕು ಜನ ನಕ್ಕರು. ಒಬ್ಬ ಕಾರ್ಕಳದಿಂದ ಬರೆದ, “ಅಕ್ಕನನ್ನು ಕೇಳಿ ಬುಕ್ ಮಾಡು ಮಾರಾಯ.” ಅದನ್ನು ಓದಿದಾಗ ತಿಲಕನಿಗೆ ಸ್ವಲ್ಪ ಚುರುಕ್ ಎಂದಿತು. ಆಗಲೇ ಎಂಟು ಪ್ಲೇಟ್ ಇಡ್ಲಿಯ ಆರ್ಡರು ಬಂತು, ಮರೆತ.

ಹನ್ನೊಂದೂವರೆಗೆ ಪಾರ್ಸೆಲ್ ಫೋನು ಮತ್ತೆ ಬಡಿದುಕೊಂಡಿತು.

“ಹಾಂ, ಬೋಲಿಯೇ, ಕ್ಯಾ ಚಾಹಿಯೇ?” ಎಂದ ತಿಲಕ.

“ಆರ್ಡರ್ ಅಲ್ರೀ. ನಾನು ಆಸ್ಪತ್ರಿಯಿಂದ ಗುರುಪಾದ ಅಂತ, ಎರಡನೇ ಮಹಡಿ ವಾರ್ಡಿನ ನರ್ಸು. ನೀವು ಮೋನಪ್ಪ ಅವರ ಕಡಿಯವ್ರೇನು?”

“ಹೌದು. ಭಾವ ಅವರು. ಎಂತಾಯ್ತು?”

“ಬೆಳಿಗ್ಗಿ ಹತ್ತರಿಂದ ಆಕ್ಸಿಜನ್ ಮಾಸ್ಕ್ ತಗದು ಒಗದಾರ. ಹಾಕಿದ್ರ ಕಿತ್ತ ಹಾಕ್ತಾರ. ರಕ್ತ ಕೊಡಂಗಿಲ್ಲ ಅಂತಾರ. ‘ಕಾಗದ ಕೊಡ್ರಿ, ಸಹಿ ಮಾಡ್ತೀನಿ, ಮನಿಗೆ ಹೋಗ್ತೀನಿ’ ಅಂತ ಒಂದೇ ಹಟ. ಆಕ್ಸಿಜನ್ ಎಂಬತ್ನಾಕಕ್ಕ ಇಳದೈತಿ. ಹಿಂಗ ಮನಿಗೆ ಹೋದ್ರ ಮನುಷ್ಯಾ ಉಳಿಯಂಗಿಲ್ರೀ. ಅವರ ಫೋನಿನಾಗ ಏನೋ ನೋಡಿದ ಮ್ಯಾಲೆ ಹಿಂಗಾತು ಅಂತ ಬಾಜೂ ಹಾಸಿಗಿಯವ್ರು ಹೇಳ್ತಾರ. ನೀವೇನರ ಕಳಿಸಿದ್ರೇನು?”

ಗ್ರೂಪಿನ ಇಪ್ಪತ್ತೆರಡು ಜನರಲ್ಲಿ ಮೋನಪ್ಪನೂ ಒಬ್ಬ. ಅಷ್ಟು ಸಣ್ಣ ಸಂಗತಿ ತಿಲಕನಿಗೆ ಆಗ ನೆನಪಾಯಿತು.

“ಅದು... ಬೆರಳು ತಾಗಿ ಹೋಯ್ತು ಅಂತ ಕಾಣ್ತದೆ,” ಎಂದ. ಹೇಳುವಾಗಲೇ ಅವನ ಕಿವಿ ಬಿಸಿಯಾಯಿತು. ಬೆರಳು ತಾಗಿ ರಿಪೋರ್ಟು ಹೋಗಬಹುದು, ಸಿಲಿಂಡರಿನ ಮಾತು ಹೋಗುತ್ತದೆಯೇ? ಫೋನಿಟ್ಟವನೇ ಗ್ರೂಪು ತೆರೆದು ಅಳಿಸಲು ನೋಡಿದ. ತಡವಾಗಿತ್ತು. ಊರಿನಲ್ಲಿ ಯಾರೋ ಅದನ್ನು ಬೇರೆ ಗ್ರೂಪಿಗೂ ಹಾಕಿದ್ದರು.

ಆಸ್ಪತ್ರೆಯ ಅಂಗಳದಲ್ಲಿ ರೋಗಿಗಳ ಮನೆಯವರಿಗೆ ಒಂದು ಮಂಟಪ ಹಾಕಿದ್ದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಕ್ಕ ಮೋಹಿನಿ ದಿನವೂ ಬಟ್ಟೆ, ಫ್ಲಾಸ್ಕು ಹಿಡಿದುಕೊಂಡು ಅಲ್ಲಿಗೆ ಬರುತ್ತಿದ್ದಳು. ಇವತ್ತು ಮಗಳು ನಿಶ್ಮಿತಾಳೂ ಜೊತೆಗಿದ್ದಳು. ಹನ್ನೆರಡನೇ ಕ್ಲಾಸಿನ ಹುಡುಗಿ. ತಿಲಕ ಮಂಟಪದ ಹತ್ತಿರ ಬಂದಾಗ ಮೋಹಿನಿ ಅವನನ್ನು ನೋಡಿ ತಲೆ ತಿರುಗಿಸಿದಳು.

“ಅಕ್ಕ...”

“ಚಾಳಿನಲ್ಲಿ ಪಕ್ಕದ ಖೋಲಿಯವಳು ನಲ್ಲಿ ಹತ್ರ ಕೇಳಿದಳು,” ಎಂದಳು ಮೋಹಿನಿ, ಅವನ ಕಡೆ ನೋಡದೆ. “‘ಏನು ಮೋಹಿನಿ, ನಿನ್ನ ಗಂಡನಿಗೆ ಅದೂ ಉಂಟಂತಲ್ಲ?’ ಅಂತ. ಅವಳ ಗಂಡ ನಿನ್ನ ವೇಟರು. ಎಂಟು ಹೆಂಗಸರು ಕೊಡ ಹಿಡಿದು ನಿಂತಿದ್ದರು. ನಾನು ನೀರು ಹಿಡಿಯದೆ ಮನೆಗೆ ಬಂದೆ.”

ನಿಶ್ಮಿತಾಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ತಡವರಿಸುತ್ತಾಳೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಮಾಮಾ, ಪಪ್ಪಾ ಕಾ ರಿಪೋರ್ಟ್ ಥಾ. ಆಪ್‌ನೇ ಕ್ಯೂಂ ಡಾಲಾ?”

ಅಪ್ಪನ ರಿಪೋರ್ಟನ್ನು ನೀವು ಯಾಕೆ ಹಾಕಿದಿರಿ ಎಂದು. ತಿಲಕನ ಬಳಿ ಇದ್ದ ಉತ್ತರವನ್ನು ಹದಿನೇಳರ ಹುಡುಗಿಗೆ ಹೇಳುವ ಹಾಗಿರಲಿಲ್ಲ. ಮುಖಕ್ಕೆ ಕಟ್ಟಿದ ಮಾಸ್ಕಿನಿಂದ ಅರ್ಧ ಮುಖ ಮುಚ್ಚಿದ್ದೇ ಪುಣ್ಯ ಎನಿಸಿತು ಅವನಿಗೆ.

ಎಲ್ಲರೂ ‘ಬ್ರದರ್’ ಎಂದು ಕರೆಯುವ ಆ ನರ್ಸು ಗುರುಪಾದ ಕೆಳಗಿಳಿದು ಬಂದರು. ವಿಜಯಪುರ ಕಡೆಯವರು, ಎತ್ತರದ ಆಳು. ಪ್ಲಾಸ್ಟಿಕ್ ಉಡುಪು ಕಳಚಿ ಬಂದದ್ದರಿಂದ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮೂಗಿನ ಮೇಲೆ ಮಾಸ್ಕಿನ ಗೀರು ಎದ್ದು ಕಾಣುತ್ತಿತ್ತು.

“ತಿಲಕ್ ಅಂದ್ರ ನೀವೇನು? ಬೆರಳು ತಾಗಿದವ್ರು?”

ತಿಲಕ ತಲೆ ತಗ್ಗಿಸಿದ.

“ನಾನೇ ಗ್ರೂಪ್ ನೋಡೇನಿ. ಮೋನಪ್ಪಣ್ಣನೇ ತೋರಿಸಿದ್ರು. ಇರ್ಲಿ. ಈಗ ನಿಮ್ಮನ್ನ ಬೈಕೋತ ಕುಂತ್ರ ಅವರ ಆಕ್ಸಿಜನ್ ಏರಂಗಿಲ್ಲ. ಒಂದ್ ಮಾತ್ ಕೇಳ್ತೀನಿ. ಆ ರಿಪೋರ್ಟಿನಾಗ ಏನೈತಿ ಅಂತ ಗೊತ್ತೈತೇನು?”

“ಗಂಡಸ್ತನ ಕಡಿಮೆ ಅಂತ...”

“ಯಾರ್ ಹೇಳಿದ್ರು?”

ಲೋಕಲ್ ಗಾಡಿಯ ಚೀಟಿ ಎಂದು ಹೇಳಲು ತಿಲಕನಿಗೆ ಬಾಯಿ ಬರಲಿಲ್ಲ.

ಮೋಹಿನಿ ಮುಂದೆ ಬಂದಳು. ಅವಳಿಗೂ ಅದೇ ಸಂಶಯ ಕೊರೆಯುತ್ತಿತ್ತು. “ಬ್ರದರ್, ನಾನೊಂದು ಕೇಳ್ಲಾ? ಕೊರೊನಾಕ್ಕೆ ಸೇರಿಸಿದ್ದಲ್ವಾ ನಾವು? ಈ ಪರೀಕ್ಷೆ ಎಂತಕ್ಕೆ ಮಾಡಿದ್ದು? ಮಾಡದಿದ್ರೆ ಈ ಮರ್ಯಾದೆ ಹೋಗ್ತಿರಲಿಲ್ಲ.”

“ಕೇಳ್ರಿ ಅಕ್ಕಾರ, ಕೇಳಬೇಕಾದ್ದೇ ಐತಿ,” ಎಂದರು ಗುರುಪಾದ. “ಹಾರ್ಮೋನ್ ಅಂದ್ರ ರಕ್ತದಾಗ ಓಡಾಡೋ ಸುದ್ದಿ. ಒಂದ್ ಗ್ರಂಥಿ ಕಳಸ್ತೈತಿ, ಉಳದ ಅಂಗ ಎಲ್ಲಾ ಕೇಳ್ತಾವ. ಥೈರಾಯ್ಡಿಂದು ಒಂದ್ ಸುದ್ದಿ, ಸಕ್ಕರಿದು ಒಂದ್ ಸುದ್ದಿ. ಕಾರ್ಟಿಸಾಲ್ ಅಂತ ಒಂದೈತಿ, ಅದು ಮೈಗೆ ಕಷ್ಟ ಬಂದಾಗ ಗಂಟಿ ಬಾರಸ್ತೈತಿ. ಕೊರೊನಾ ಜೋರಾದ್ರ ಈ ಸುದ್ದಿ ಎಲ್ಲಾ ಏರುಪೇರು ಆಗ್ತಾವ. ಯಾರಿಗೆ ಎಷ್ಟು ಏರುಪೇರಾಗೇತಿ ಅಂತ ನೋಡಿದ್ರ, ಯಾರ ಮ್ಯಾಲೆ ಹೆಚ್ಚು ಕಣ್ಣಿಡಬೇಕು ಅನ್ನೋದು ಡಾಕ್ಟರಿಗೆ ಅಂದಾಜು ಸಿಗಬೌದು. ಅದಕ್ಕ ನೋಡಿದ್ದು. ಮೋನಪ್ಪಣ್ಣನ ಕೇಳೇ ರಕ್ತ ತಗೊಂಡಾರ.”

“ಆದ್ರೆ ಅದು, ಗಂಡಸರದ್ದು...” ಮೋಹಿನಿ ಅರ್ಧಕ್ಕೇ ನಿಲ್ಲಿಸಿದಳು.

“ಅದೂ ಕಡಿಮಿ ಆಗ್ತೈತಿ ಅಕ್ಕಾರ. ಜೋರು ಕೊರೊನಾ ಆಗಿ ಆಸ್ಪತ್ರಿ ಸೇರಿದ ಗಂಡಸ್ರೊಳಗ ಎಷ್ಟೋ ಮಂದಿಗೆ ಕಡಿಮಿ ಇರ್ತೈತಿ. ರೋಗ ಹೆಚ್ಚಿದ್ದವ್ರಿಗೆ ಇನ್ನೂ ಕಡಿಮಿ. ನಿಮ್ಮ ಹೋಟೆಲಿನ ಅಡಿಗಿ ಮನಿಗೆ ಬೆಂಕಿ ಬಿತ್ತು ಅನ್ಕೋರಿ. ಆಗ ಯಾರರ ಸಾಂಬಾರಿಗೆ ಒಗ್ಗರಣಿ ಹಾಕ್ಕೋತ ಕುಂದರ್ತಾರೇನು? ಎಲ್ಲಾ ಬಿಟ್ಟು ನೀರು ಹೊತ್ತು ಓಡ್ತಾರ. ಮೈಯೂ ಹಂಗ. ಉಸಿರು ಉಳಿಸೋ ಹೊತ್ತಿನಾಗ ಉಳದ ಕೆಲಸ ಬಾಜೂಕ ಇಡ್ತೈತಿ. ಅದಕ್ಕೂ ಗಂಡಸ್ತನಕ್ಕೂ ಏನ್ರೀ ಸಂಬಂಧ?”

“ಕಡಿಮೆ ಇದ್ದದ್ದಕ್ಕೇ ಕೊರೊನಾ ಜೋರಾದದ್ದಾ?” ಎಂದು ತಿಲಕ ಮೆಲ್ಲಗೆ ಕೇಳಿದ.

“ಹಂಗೋ, ರೋಗ ಜೋರಾಗಿದ್ದಕ್ಕ ಅದು ಕಡಿಮಿ ಆತೋ, ದೊಡ್ಡ ಡಾಕ್ಟರುಗಳೇ ಇನ್ನೂ ಹುಡಕ್ಲಿಕತ್ತಾರ. ಗೊತ್ತಿಲ್ಲದ್ದನ್ನ ಗೊತ್ತೈತಿ ಅಂತ ನಾ ಹೇಳಂಗಿಲ್ಲ. ಭಾಳ ಮಂದಿಗೆ ಗುಣ ಆದಂಗ ಕೆಲವು ತಿಂಗಳಿನಾಗ ಏರ್ತೈತಿ. ಏರದಿದ್ರ ಅದಕ್ಕ ಡಾಕ್ಟರ್ ಅದಾರ.”

“ಹಾಗಾದ್ರೆ ಲೇಹ್ಯ ಏನಾದ್ರೂ ತರಿಸ್ಲಾ? ದಾದರಿನಲ್ಲಿ ಒಬ್ಬರು ಕೊಡ್ತಾರಂತೆ,” ಎಂದಳು ಮೋಹಿನಿ.

“ಬ್ಯಾಡ್ರಿ ಅಕ್ಕಾರ! ಲೇಹ್ಯ ಬ್ಯಾಡ, ಪುಡಿ ಬ್ಯಾಡ, ಜಿಮ್ಮಿನವ್ರ ಇಂಜೆಕ್ಷನ್ ಅಂತೂ ಮೊದಲ ಬ್ಯಾಡ. ಕೊರೊನಾದಾಗ ರಕ್ತ ಹೆಪ್ಪುಗಟ್ಟೋ ಭಯ ಮೊದಲ ಐತಿ. ಡಾಕ್ಟರ್ ಹೇಳಲಾರದ ಏನ್ ತಿಂದ್ರೂ ಅಪಾಯ.” ಆಮೇಲೆ ತಿಲಕನತ್ತ ತಿರುಗಿದರು. “ನಿಮಗ ಇನ್ನೊಂದ್ ಹೇಳ್ತೀನಿ. ನನ್ನ ವಾರ್ಡಿನಾಗ ಇಂಥಾ ರಿಪೋರ್ಟ್ ಬಂದ ಗಂಡಸ್ರು ಇನ್ನೂ ಅದಾರ. ಅದರಾಗ ಒಬ್ಬಾಂವ ಪೈಲ್ವಾನ ಇದ್ರೂ ಇರಬೌದು. ಯಾರು ಅಂತ ನಾ ಹೇಳಂಗಿಲ್ಲ. ಅದು ಅವರ ರಕ್ತ, ಅವರ ಸುದ್ದಿ.”

ಬೈದದ್ದಲ್ಲ ಅದು. ಬೈದಿದ್ದರೆ ತಿಲಕ ಎದುರು ಮಾತಾಡಿ ಹಗುರಾಗುತ್ತಿದ್ದ. ಹತ್ತು ತಾಸು ಪ್ಲಾಸ್ಟಿಕ್ ಉಡುಪಿನಲ್ಲಿ ಬೇಯುವ ಪರವೂರಿನ ಮನುಷ್ಯ ಗುಟ್ಟು ಕಾಯುತ್ತಿದ್ದಾನೆ, ಅನ್ನ ಕೊಟ್ಟ ಭಾವನ ಗುಟ್ಟನ್ನು ತಾನು ಇಡ್ಲಿಯ ಹಾಗೆ ಹಂಚಿದ್ದೇನೆ. ನೆಲ ಬಿರಿದರೆ ಇಳಿದುಬಿಡಬೇಕು ಎನಿಸಿತು ಅವನಿಗೆ.

ಗುರುಪಾದ ಮೇಲೆ ಹೋಗಿ, ಮತ್ತೆ ಉಡುಪು ತೊಟ್ಟು, ವಾರ್ಡಿನ ಫೋನಿನಿಂದ ತಿಲಕನ ಫೋನಿಗೆ ವಿಡಿಯೊ ಹಚ್ಚಿದರು. ಪರದೆಯ ಮೇಲೆ ಮೋನಪ್ಪನ ಬೆನ್ನು ಕಂಡಿತು. ಗೋಡೆಗೆ ಮುಖ ಮಾಡಿ ಮಲಗಿದ್ದ. ಆ ಅಗಲ ಬೆನ್ನು ಏದುಸಿರಿಗೆ ಮೇಲೆ ಕೆಳಗೆ ಆಗುತ್ತಿತ್ತು.

“ಭಾವ, ನಾನು ತಿಲಕ.”

ಬೆನ್ನು ಅಲುಗಲಿಲ್ಲ.

“ಭಾವ, ತಪ್ಪಾಯ್ತು. ಮಾಸ್ಕ್ ಹಾಕಿಕೊಳ್ಳಿ.”

“ಬೆರಳು ತಾಗಿದ್ದಂತಲ್ಲ,” ಎಂದ ಮೋನಪ್ಪ ಗೋಡೆಗೆ. ಎರಡು ಶಬ್ದಕ್ಕೊಮ್ಮೆ ಉಸಿರು ಎಳೆಯುತ್ತಿದ್ದ. “ಬ್ರದರ್ ಹೇಳಿದ್ರು.”

ತಿಲಕ ಅಕ್ಕನ ಕಡೆ ನೋಡಿದ, ನಿಶ್ಮಿತಾಳ ಕಡೆ ನೋಡಿದ. ಮಂಟಪದಲ್ಲಿ ಇನ್ನೂ ಹತ್ತಾರು ಜನ ಕೂತಿದ್ದರು. ಅವರ ಮುಂದೆ ಇದನ್ನು ಹೇಳಬೇಕು. ಹೇಳದಿದ್ದರೆ ಆ ಬೆನ್ನು ತಿರುಗುವುದಿಲ್ಲ.

“ಅಲ್ಲ ಭಾವ. ಬೆರಳು ತಾಗಿದ್ದಲ್ಲ. ಅದು ಸುಳ್ಳು. ನಾಲ್ಕು ಜನ ನಗಲಿ ಅಂತ ಬೇಕೆಂದೇ ಹಾಕಿದ್ದು. ನನಗೂ ನಗು ಬಂದಿತ್ತು. ನೀವು ಆಕ್ಸಿಜನ್ ಮೇಲೆ ಮಲಗಿರುವಾಗ ನಾನು ಗಲ್ಲಾದಲ್ಲಿ ಕೂತು ನಕ್ಕಿದ್ದೇನೆ. ನನ್ನಷ್ಟು ಹಲ್ಕಾ ಮನುಷ್ಯ ಇನ್ನೊಬ್ಬ ಇಲ್ಲ. ನೀವು ನನ್ನ ಮುಖ ನೋಡುವುದೇ ಬೇಡ. ಮಾಸ್ಕ್ ಒಂದು ಹಾಕಿಕೊಳ್ಳಿ.”

ಮೋನಪ್ಪ ಮೆಲ್ಲಗೆ ಈಚೆ ಹೊರಳಿದ. ಅವನ ಕಣ್ಣು ಕೆಂಪಾಗಿತ್ತು.

“ನಾನು ಆ ಅಡಿಗೆ ಮನೆಗೆ ಇನ್ನು ಹೇಗೆ ಬರ್ಲಿ ತಿಲಕ? ನನ್ನ ಕೈಕೆಳಗೆ ಕಲಿತ ಹುಡುಗ್ರು ಅವರು. ಇದಕ್ಕಿಂತ ಉಸಿರು ನಿಂತರೆ ಒಳ್ಳೇದು ಅಂತ ಅನಿಸ್ತು.”

ಮೋಹಿನಿ ಫೋನು ಕಸಿದುಕೊಂಡಳು. “ಉಸಿರು ನಿಂತರೆ ಒಳ್ಳೇದಾ? ನಾನು, ಈ ಹುಡುಗಿ ಎಲ್ಲಿಗೆ ಹೋಗುವುದು? ಬ್ರದರ್ ನಮಗೆ ಎಲ್ಲ ಬಿಡಿಸಿ ಹೇಳಿದ್ರು, ಅದು ರೋಗದ್ದು, ನಿಮ್ಮದಲ್ಲ. ಯಾರು ಎಷ್ಟು ನಗ್ತಾರೋ ನಗಲಿ. ನನಗೆ ನಾಚಿಕೆ ಆದದ್ದು ನಿಮ್ಮಿಂದಲ್ಲ, ನನ್ನ ತಮ್ಮನಿಂದ.”

ಗುರುಪಾದ ಮಾಸ್ಕು ಮುಂದೆ ಹಿಡಿದರು. “ಮೋನಪ್ಪಣ್ಣ, ಕೂದಲು ಉದುರಿದ್ರ ನಾಚಿಕಿ ಪಡ್ತೀರೇನು? ಸಕ್ಕರಿ ಏರಿದ್ರ? ಇದೂ ಹಂಗ ರಕ್ತದಾಗಿನ ಒಂದ್ ಅಂಕಿ. ಬರ್ರಿ, ಹಾಕ್ಕೋರಿ.”

ಮೋನಪ್ಪ ಹಾಕಿಸಿಕೊಂಡ. ತೋಳನ್ನೂ ಚಾಚಿದ, ಬೆಳಿಗ್ಗೆ ಕೊಡದ ರಕ್ತ ಕೊಟ್ಟ. ತಿಲಕನ ಕಡೆ ಮಾತ್ರ ಮತ್ತೆ ನೋಡಲಿಲ್ಲ.

ಎರಡು ತಾಸು ಮಾಸ್ಕಿಲ್ಲದೆ ಕಳೆದಿತ್ತು. ಮರುದಿನ ಮೋನಪ್ಪನನ್ನು ಐಸಿಯುಗೆ ಒಯ್ದರು. ತಿಲಕ ಗುರುಪಾದರನ್ನು ಕೇಳಿದ, “ನನ್ನಿಂದಲಾ ಬ್ರದರ್?” ಅವರು ಯೋಚಿಸಿ ಹೇಳಿದರು, “ನಿಮ್ಮಿಂದಲೇ ಅಂತ ನಾ ಹೇಳಂಗಿಲ್ಲ. ನಿಮ್ಮಿಂದಲ್ಲ ಅಂತಾನೂ ಹೇಳಂಗಿಲ್ಲ.” ಆ ಮಾತು ಇವತ್ತಿಗೂ ತಿಲಕನ ನಿದ್ದೆ ಕೆಡಿಸುತ್ತದೆ.

ಮಾಸ್ಕು ಹಾಕಿಸಿದ ಆ ದಿನವೇ ಮಧ್ಯಾಹ್ನ ಮೂರಕ್ಕೆ ತಿಲಕ ಹೋಟೆಲಿಗೆ ಮರಳಿದ್ದ. ಪಾರ್ಸೆಲ್ ಫೋನು ಆಫ್ ಮಾಡಿದ. ಅಡಿಗೆ ಮನೆಯಲ್ಲಿದ್ದ ಆರು ಜನರನ್ನು ಕರೆದ. ಏನು ಸುದ್ದಿ, ಮೋನಪ್ಪಣ್ಣ ಹೇಗಿದ್ದಾರೆ ಎಂದು ಅವರು ಕೇಳಿದರು. ಒಬ್ಬಿಬ್ಬರ ತುಟಿಯಂಚಿನಲ್ಲಿ ಬೆಳಗಿನ ನಗು ಇನ್ನೂ ಇತ್ತು.

“ನಗುವುದಾದರೆ ನನ್ನನ್ನು ನೋಡಿ ನಗಿ,” ಎಂದ ತಿಲಕ. ಗುರುಪಾದ ಹೇಳಿದ್ದನ್ನೆಲ್ಲ ತನಗೆ ತಿಳಿದ ಮಟ್ಟಿಗೆ ಹೇಳಿದ. ಹಾರ್ಮೋನು ಎಂದರೇನು, ರೋಗ ಜೋರಾದಾಗ ಅದು ಯಾಕೆ ಇಳಿಯುತ್ತದೆ, ಗಂಡಸ್ತನಕ್ಕೆ ಅದನ್ನು ಜೋಡಿಸುವುದು ಎಂಥ ದಡ್ಡತನ. ಭಾವ ಮಾಸ್ಕು ಕಿತ್ತೆಸೆದದ್ದನ್ನೂ ಹೇಳಿದ. ತುಟಿಯಂಚಿನ ನಗು ಇಳಿಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹದಿನಾಲ್ಕು ಜನ ನಕ್ಕಿದ್ದರಲ್ಲ, ಅದರಲ್ಲಿ ನಾಲ್ವರು ಅಲ್ಲೇ ಇದ್ದರು.

“ಇನ್ನು ಯಾರ ರಿಪೋರ್ಟೂ ಈ ಫೋನಿಗೆ ಬರುವುದು ಬೇಡ. ಆಸ್ಪತ್ರೆಯಲ್ಲಿ ನಿಮ್ಮ ಸ್ವಂತ ನಂಬರು ಕೊಡಿ. ತಪ್ಪಿ ಬಂದರೆ ಅವರಿಗೆ ಕಳಿಸಿ ಇಲ್ಲಿಂದ ಅಳಿಸಿಬಿಡುತ್ತೇನೆ. ಅಕ್ಕನ ಮೇಲಾಣೆ.”

ಆಗ ತರಕಾರಿ ಹೆಚ್ಚುವ ಚೆನ್ನಯ ಈರುಳ್ಳಿ ಮೂಟೆಯ ಮೇಲೆ ಕುಸಿದು ಕೂತ. ಐವತ್ತೆಂಟರ ಮನುಷ್ಯ, ಮಾತು ಕಡಿಮೆ. ಎಲ್ಲರಿಗಿಂತ ದೂರ, ಹಿಂದಿನ ಬಾಗಿಲಲ್ಲಿ ನಿಂತಿದ್ದ.

“ಹಾಗಾದ್ರೆ ಹೇಳ್ತೇನೆ ತಿಲಕ,” ಎಂದ. “ನನಗೆ ನಾಲ್ಕು ದಿವಸದಿಂದ ಜ್ವರ. ಇವತ್ತು ಮೆಟ್ಟಿಲು ಹತ್ತಲಿಕ್ಕೆ ಆಗ್ಲಿಲ್ಲ.”

“ಚೆನ್ನಯಣ್ಣ! ಯಾಕೆ ಹೇಳ್ಲಿಲ್ಲ?”

“ಇವತ್ತು ಬೆಳಿಗ್ಗೆ ಹೇಳುವ ಅಂತಲೇ ಗಲ್ಲಾಕ್ಕೆ ಬಂದೆ. ನೀನು ಫೋನು ಹಿಡಿದು ನಗ್ತಾ ಇದ್ದೆ. ಎಂತ ಅಂತ ನೋಡಿದೆ. ಮೋನಪ್ಪನದ್ದೇ ಹೀಗೆ ಹಾಕಿದವರು ನನ್ನದನ್ನು ಬಿಡ್ತಾರಾ ಅನ್ನಿಸ್ತು. ವಾಪಸು ಹೋಗಿ ಈರುಳ್ಳಿ ಹೆಚ್ಚಿದೆ.”

ತಿಲಕ ಮನಸ್ಸಿನಲ್ಲೇ ಲೆಕ್ಕ ಹಾಕಿದ. ನಾಲ್ಕು ದಿನ ಜ್ವರದ ಮನುಷ್ಯ ಹೆಚ್ಚಿದ ತರಕಾರಿ, ಒಂದೇ ಅಡಿಗೆ ಮನೆಯಲ್ಲಿ ತಾನೂ ಸೇರಿ ಏಳು ಜನ, ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುವ ಹುಡುಗರು. ಬೆಳಿಗ್ಗೆ ತಾನು ನಗದೆ ಇದ್ದಿದ್ದರೆ ಚೆನ್ನಯ ಆರು ಗಂಟೆ ಮೊದಲೇ ಆಸ್ಪತ್ರೆಯಲ್ಲಿರುತ್ತಿದ್ದ. ಬೆರಳಿಗೆ ಹಚ್ಚುವ ಯಂತ್ರ ತಂದು ನೋಡಿದರೆ ಆಕ್ಸಿಜನ್ ಎಂಬತ್ತೆಂಟು ತೋರಿಸಿತು. ತಿಲಕ ಹೋಟೆಲಿನ ಷಟರು ಎಳೆದ. ಚೆನ್ನಯನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು, ಬೆಳಿಗ್ಗೆ ಹೋದ ಅದೇ ದಾರಿಯಲ್ಲಿ ಹೋದ. ದಾರಿಯುದ್ದಕ್ಕೂ ಚೆನ್ನಯ ಅವನ ಅಂಗಿಯ ತೋಳು ಹಿಡಿದಿದ್ದ. ಹೆಚ್ಚು ಮಾತಿಲ್ಲ. ಒಮ್ಮೆ ಮಾತ್ರ ಕೇಳಿದ, “ಯಾರಿಗೂ ಹೇಳುವುದಿಲ್ಲ ಅಲ್ವಾ?”

“ಇಲ್ಲ ಚೆನ್ನಯಣ್ಣ,” ಎಂದ ತಿಲಕ. ಅವನ ಕಣ್ಣಿನಿಂದ ನೀರಿಳಿಯುತ್ತಿತ್ತು.

ಚೆನ್ನಯ ಹನ್ನೊಂದು ದಿನಕ್ಕೆ ಬಂದ. ಮೋನಪ್ಪ ಇಪ್ಪತ್ತಾರು ದಿನಕ್ಕೆ ಬಂದ. ಹೋಟೆಲಿನ ಇನ್ನಿಬ್ಬರಿಗೂ ಕೊರೊನಾ ಇದ್ದದ್ದು ಪರೀಕ್ಷೆಯಲ್ಲಿ ತಿಳಿಯಿತು, ಬೇಗ ತಿಳಿದದ್ದರಿಂದ ಮನೆಯಲ್ಲೇ ಗುಣವಾದರು. ನಾಲ್ಕು ತಿಂಗಳ ಬಳಿಕ ಡಾಕ್ಟರು ಮೋನಪ್ಪನ ಹಾರ್ಮೋನು ಮತ್ತೆ ನೋಡಿದರು. ಎಷ್ಟು ಬಂತು ಎಂದು ನನ್ನನ್ನು ಕೇಳಬೇಡಿ. ಅದು ಮೋನಪ್ಪನಿಗೆ, ಮೋಹಿನಿಗೆ, ಡಾಕ್ಟರಿಗೆ ಗೊತ್ತು. ತಿಲಕ ಕೇಳಿಲ್ಲ. ಭಾವ ಈಗ ಅವನೊಡನೆ ಮಾತಾಡುತ್ತಾನೆ, ದೋಸೆಯನ್ನೂ ಕೊಡುತ್ತಾನೆ. ಆದರೆ ತಿಲಕ ಕಾಲೆಳೆಯುವುದನ್ನು ಬಿಟ್ಟಿದ್ದಾನೆ, ಮೋನಪ್ಪನೂ ಅದನ್ನು ಬೇಡುತ್ತಿಲ್ಲ.

ಈ ಕಥೆಯನ್ನು ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಹೋಟೆಲಿನಲ್ಲಿ, ಕಾರ್ಖಾನೆಯಲ್ಲಿ, ಚಾಳಿನಲ್ಲಿ ಇದನ್ನು ಓದುವ ಅಣ್ಣಂದಿರೇ, ನಿಮ್ಮಲ್ಲೊಂದು ಕೇಳಿಕೆ. ಜೋರು ಕಾಯಿಲೆ ಬಂದಾಗ ರಕ್ತದ ಹಾರ್ಮೋನು ಏರುತ್ತದೆ, ಇಳಿಯುತ್ತದೆ. ಅದು ಯಾರ ಗುಣವೂ ಅಲ್ಲ, ದೋಷವೂ ಅಲ್ಲ. ಡಾಕ್ಟರು ಆ ಪರೀಕ್ಷೆ ಬೇಕೆಂದರೆ ಯಾಕೆ ಎಂದು ಧೈರ್ಯವಾಗಿ ಕೇಳಿ, ಕೇಳಿ ತಿಳಿದುಕೊಂಡು ಕೊಡಿ. ಕಡಿಮೆ ಬಂದರೆ ಗೋಡೆಯ ಚೀಟಿ ನೋಡಿ ಔಷಧಿ ತಿನ್ನಬೇಡಿ. ಮೊದಲೇ ಏನಾದರೂ ಮಾತ್ರೆ, ಪುಡಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಡಾಕ್ಟರಿಂದ ಬಚ್ಚಿಡಬೇಡಿ. ಆಸ್ಪತ್ರೆಯ ಫಾರ್ಮಿನಲ್ಲಿ ರೋಗಿಯ ನಂಬರು ಬರೆಯಿರಿ, ಇಲ್ಲವೇ ರೋಗಿ ಒಪ್ಪಿದ ಒಬ್ಬರದು ಬರೆಯಿರಿ. ಜ್ವರ ಬಂದರೆ, ಉಸಿರು ಸಾಲದಿದ್ದರೆ, ನಾಚಿಕೆಯನ್ನು ಬದಿಗಿಟ್ಟು ಮೊದಲು ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರ ರಿಪೋರ್ಟು ನಿಮ್ಮ ಕೈಗೆ ಬಂದರೆ ಅದನ್ನು ಅವರಿಗೆ ಕೊಟ್ಟು ಸುಮ್ಮನಿರಿ. ನಿಮ್ಮ ಪಕ್ಕದಲ್ಲೇ ಒಬ್ಬ ಚೆನ್ನಯ ಜ್ವರ ಮುಚ್ಚಿಟ್ಟುಕೊಂಡು ನಿಂತಿರಬಹುದು. ಹೇಳಲೋ ಬೇಡವೋ ಎಂದು ಅವನು ನಿಮ್ಮ ಮುಖವನ್ನೇ ನೋಡುತ್ತಿರುತ್ತಾನೆ.